ತುಂಬಿಸಿ ಕೊಡಬೇಕೆಂದಿದ್ದ ಬುಟ್ಟಿ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಇತ್ತೀಚೆಗೆ ನನಗೊಂದು ಅಪಕೀರ್ತಿ ಅಂಟಿಕೊಂಡಿದೆ. ನೆರೆಹೊರೆಯವರ ಡಬ್ಬಿಗಳನ್ನು ನಾನು ಖಾಲಿಯಾಗಿಯೇ ಮರಳಿಸುತ್ತೇನಂತೆ. ಅಪವಾದವೆಂದು ತಳ್ಳಿಹಾಕೋಣವೆಂದರೆ ಅದು ಅಕ್ಷರಶಃ ನಿಜ. ಎದುರುಮನೆಯ ಕಿತ್ತೂರಿನ ಸೊಸೆ ಮುಂಜಾನೆ ಗೋಧಿ ಹುಗ್ಗಿ ಕಳಿಸಿದರೆ, ಮಧ್ಯಾಹ್ನದೊಳಗೆ ಆಕೆಯ ಡಬ್ಬಿ ಮಿಂದು ಮಡಿಯಾಗಿ, ಒಳಗೆ ಏನೂ ಇಲ್ಲದೆ, ಆಕೆಯ ಕಟ್ಟೆಯ ಮೇಲೆ ಕುಳಿತಿರುತ್ತದೆ.

ನಮ್ಮ ಕಡೆಯ ರೀತಿರಿವಾಜು ಬಲ್ಲ ಓದುಗರಿಗೆ ಇದೆಂಥ ಅಧರ್ಮವೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಅರಿಯದವರಿಗೆ ಒಂದು ಮಾತು: ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಅದೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಬೇಕು. ಈ ಉದಾತ್ತ ನಿಯಮದ ಫಲವಾಗಿ ನಮ್ಮಲ್ಲಿ ಡಬ್ಬಿಗಳು ಸ್ವಗೃಹಕ್ಕೆ ಮರಳುವುದೇ ಅಪರೂಪ. ಶೇಂಗಾ ಚಟ್ನಿ ಹೊತ್ತು ಬಂದ ಡಬ್ಬಿ, ಅದರ ಸರಿಸಮಾನವಾದದ್ದು ನಮ್ಮ ಅಡುಗೆಮನೆಯಲ್ಲಿ ಸಿದ್ಧವಾಗುವವರೆಗೆ ಗೋಡೆಯ ಮಾಡದಲ್ಲಿ ಅತಿಥಿಯಾಗಿ ಉಳಿದು, ಕ್ರಮೇಣ ಕುಟುಂಬದ ಸದಸ್ಯನಾಗಿ, ಕೊನೆಗೆ ಮುಚ್ಚಳವನ್ನು ಮಾತ್ರ ತವರಿನಲ್ಲಿ ಬಿಟ್ಟುಬಂದ ಅನಾಥನಾಗಿ ಬಾಳುತ್ತದೆ. ಕೊಟ್ಟವರೂ ಕೇಳುವುದಿಲ್ಲ, ಇಸಿದುಕೊಂಡವರೂ ಮರೆಯುವುದಿಲ್ಲ. ಎಲ್ಲರಿಗೂ ಒಂದು ಬಗೆಯ ಸುಖವಾದ ಸಂಕೋಚ.

ನಾನೂ ಈ ಧರ್ಮದಲ್ಲಿಯೇ ಬೆಳೆದವಳು. ನನ್ನನ್ನು ಕೆಡಿಸಿದ್ದು ಒಂದು ಸಮುದ್ರಯಾನ.

ರಾಮದುರ್ಗದ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಭೂಗೋಳ ಬೋಧಿಸುತ್ತ, ಉಷ್ಣ ಪ್ರವಾಹ, ಶೀತ ಪ್ರವಾಹಗಳನ್ನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಹರಿಸಿದ ನಾನು, ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲವೆಂದರೆ ನೀವು ನಗುತ್ತೀರಿ. ಗೋವೆ ಇಷ್ಟು ಹತ್ತಿರವಿದ್ದೂ ಹೋಗಿರಲಿಲ್ಲ. ನಾನು ಕಂಡ ಅತಿದೊಡ್ಡ ಜಲರಾಶಿಯೆಂದರೆ ಸವದತ್ತಿಯ ನವಿಲುತೀರ್ಥದ ಹಿನ್ನೀರು. ಮಳೆಗಾಲದಲ್ಲಿ ಅದು ತುಂಬಿದಾಗ ಬಸ್ಸಿನ ಕಿಟಕಿಯಿಂದ ನೋಡಿ, ಸಮುದ್ರವೆಂದರೆ ಇದರ ಅಣ್ಣನಿರಬೇಕು ಎಂದು ಊಹಿಸಿಕೊಂಡು ಪಾಠ ಮುಗಿಸುತ್ತಿದ್ದೆ. ಹೀಗಿರುವಾಗ, ಹಡಗಿನಲ್ಲಿಯೇ ಕಾಲೇಜು ನಡೆಸಿ ದೇಶದೇಶದ ಬಂದರುಗಳಿಗೆ ಒಯ್ಯುವ ಒಂದು ವಿದ್ಯಾಭ್ಯಾಸದ ಯಾನಕ್ಕೆ ಅಧ್ಯಾಪಕರೂ ವಿದ್ಯಾರ್ಥಿಗಳಾಗಿ ಸೇರಬಹುದೆಂಬ ಸುದ್ದಿ ಬಂತು. ತಮಾಷೆಗೆಂದು ಅರ್ಜಿ ಹಾಕಿದೆ. ತಮಾಷೆ ಅತ್ತಲಿನವರಿಗೆ ತಿಳಿಯಲಿಲ್ಲವೋ ಏನೋ, ನನ್ನನ್ನು ಆರಿಸಿಬಿಟ್ಟರು. ನಲವತ್ತು ದಾಟಿದ ಮೇಲೆ, ಮೊಣಕಾಲಿಗೆ ಎಣ್ಣೆ ತಿಕ್ಕುವ ವಯಸ್ಸಿನಲ್ಲಿ, ಬೆನ್ನಿಗೆ ಚೀಲ ಏರಿಸಿಕೊಂಡು, ದೂರದ ಪರದೇಶದ ಬಂದರಿನಲ್ಲಿ ಹಡಗು ಹತ್ತಿ, ನಾನು ಮತ್ತೆ ವಿದ್ಯಾರ್ಥಿನಿಯಾದೆ.

ಹಡಗೋ, ತೊರಗಲ್ಲಿನ ಕೋಟೆಗೆ ಯಾರೋ ತೇಲುವ ವರ ಕೊಟ್ಟಹಾಗಿತ್ತು. ಒಳಗೆ ಓಣಿಗಳು, ಮೆಟ್ಟಿಲುಗಳು, ಮತ್ತೆ ಓಣಿಗಳು. ಮೊದಲ ವಾರವೆಲ್ಲ ನಾನು ತರಗತಿಗೆ ಹೊರಟು ಬಟ್ಟೆ ಒಗೆಯುವ ಕೋಣೆಗೆ ತಲುಪುತ್ತಿದ್ದೆ. ಸಾಲಹಳ್ಳಿಯಿಂದ ಬರುವ ನನ್ನ ವಿದ್ಯಾರ್ಥಿಗಳು ತಡವಾದಾಗಲೆಲ್ಲ "ಬಸ್ ಬರಲಿಲ್ರಿ ಮೇಡಂ" ಎನ್ನುತ್ತಿದ್ದುದನ್ನು ನಾನು ಎಂದೂ ನಂಬಿರಲಿಲ್ಲ. ಈಗ ಮಲಗುವ ಕೋಣೆಯಿಂದ ಪಾಠದ ಕೋಣೆಗೆ ಬಸ್ಸೇ ಬೇಕಿಲ್ಲದ ಊರಿನಲ್ಲಿದ್ದೂ ತಡವಾಗಿ, ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ತಲೆ ತಗ್ಗಿಸಿ ಕೂರುವ ಶಿಕ್ಷೆ ನನ್ನ ಪಾಲಿಗೆ ಬಂತು. ಸಮುದ್ರದ ಮೇಲೆ ಭಾನುವಾರವಿಲ್ಲ. ತರಗತಿಗಳಿಗೆ ಬಿಡುವು ಸಿಗುವುದು ನೆಲ ಸಿಕ್ಕಾಗ ಮಾತ್ರ. ಪ್ರಾಧ್ಯಾಪಕರು ಪ್ರವಾಹಗಳ ಬಗ್ಗೆ ಹೇಳುತ್ತಿದ್ದರೆ, ಅವರ ಹಿಂದಿನ ಕಿಟಕಿಯಲ್ಲಿ ದಿಗಂತ ಮೇಲೇರಿ ಕೆಳಗಿಳಿದು ಹೌದು ಹೌದೆಂದು ತಲೆಯಾಡಿಸುತ್ತಿತ್ತು. ಆಪತ್ಕಾಲದ ಕವಾಯತಿಗೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುಜಾಕೀಟು ಕಟ್ಟಿಕೊಂಡು ನಿಂತ ನನ್ನನ್ನು ಸಹಪಾಠಿಗಳು ಫೋಟೋ ತೆಗೆದರು. ಅದು ನನ್ನ ಜೀವಮಾನದ ಅತ್ಯಂತ ಜನಪ್ರಿಯ ಚಿತ್ರ.

ಒಂದು ವಿಷಯದಲ್ಲಿ ಮಾತ್ರ ನಾನು ಎಲ್ಲರನ್ನೂ ಮೀರಿಸಿದೆ. ಅಲೆ ಎದ್ದು ಹಡಗು ತೊಯ್ದಾಡತೊಡಗಿದರೆ ಗಟ್ಟಿಮುಟ್ಟಾದ ಹುಡುಗರೂ ಗೋಡೆ ಹಿಡಿದು ನಡೆಯುತ್ತ, ಹೊಟ್ಟೆಯೊಳಗಿನದನ್ನೆಲ್ಲ ಹೊರಹಾಕುತ್ತಿದ್ದರು. ನಾನು ಊಟದ ಸಭಾಂಗಣದಲ್ಲಿ ಆಲೂಗಡ್ಡೆಯ ಎರಡನೆಯ ತಟ್ಟೆಗೆ ಕೈಹಾಕುತ್ತಿದ್ದೆ. ಇದಕ್ಕೆ ಕಾರಣ ಯೋಗವೂ ಅಲ್ಲ, ಪೂರ್ವಜನ್ಮದ ಪುಣ್ಯವೂ ಅಲ್ಲ. ಸವದತ್ತಿಯ ಮೇಲೆ ಹಾಯ್ದು ರಾಮದುರ್ಗಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟು. ಆ ಸೀಟಿನಲ್ಲಿ ಸೇವೆ ಸಲ್ಲಿಸಿದ ಹೊಟ್ಟೆಗೆ ಮಹಾಸಾಗರ ಏನು ಮಾಡೀತು? ನನ್ನ ಈ ಆರೋಗ್ಯದ ಬಗ್ಗೆ ಆಗ ಬಹಳ ಹೆಮ್ಮೆಯಿತ್ತು. ನೆನೆದರೆ ಈಗ ಸಂಕಟವಾಗುತ್ತದೆ.

ನನ್ನ ಕೋಣೆಯ ಜೊತೆಗಾತಿ ದೇಕಿ, ಭೂತಾನದ ಹುಡುಗಿ, ನನ್ನ ಅರ್ಧ ವಯಸ್ಸಿನವಳು. ಅವಳ ದೇಶಕ್ಕೂ ಸಮುದ್ರವಿಲ್ಲ, ನನ್ನ ತಾಲೂಕಿಗೂ ಇಲ್ಲ. ಹೀಗಾಗಿ ಒಂದೇ ದಿನದಲ್ಲಿ ನೆಂಟಸ್ತಿಕೆ ಕುದುರಿತು. ನನ್ನನ್ನು 'ಅಕ್ಕ' ಎನ್ನಲು ಕಲಿಸಿದೆ. ಅವಳ ಬಾಯಲ್ಲಿ ಅದು 'ಅಕಾ' ಆಗಿ, ಇನ್ನೂ ಮುದ್ದಾಗಿ ಕೇಳುತ್ತಿತ್ತು. ಹಡಗು ಹೊರಟ ಮೊದಲ ವಾರ, ಸಮುದ್ರ ಇನ್ನೂ ಸಭ್ಯವಾಗಿದ್ದಾಗ, ಅವಳು ಊರಿನಿಂದ ತಂದ ಒಂದು ಬುಟ್ಟಿಯನ್ನು ನನ್ನ ಕೈಯಲ್ಲಿಟ್ಟಳು. ಬಣ್ಣದ ಬಿದಿರಿನ ಸೀಳುಗಳಿಂದ ಒತ್ತಾಗಿ ಹೆಣೆದ, ಎರಡು ಬೋಗುಣಿಗಳನ್ನು ಒಂದರ ಮೇಲೊಂದು ಮಗುಚಿದಂಥ ಗುಂಡನೆಯ ಬುಟ್ಟಿ. ಮುಚ್ಚಳ ಎಷ್ಟು ಬಿಗಿಯೆಂದರೆ ತೆರೆಯಲು ಉಪಾಯ ಬೇಕು. ಅವರಲ್ಲಿ ಬುತ್ತಿ ಕಟ್ಟುವುದು ಇಂಥದರಲ್ಲಿಯೇ ಅಂತೆ. ಒಳಗೆ ಹುರಿದ ಅಕ್ಕಿ, ನಮ್ಮ ಚುರುಮುರಿಯ ದೂರದ ತಂಗಿ. "ಅಮ್ಮ ಹುರಿದದ್ದು, ತಿನ್ನು ಅಕಾ" ಎಂದಳು. ಎರಡು ದಿನದಲ್ಲಿ ನಾನೊಬ್ಬಳೇ ತಿಂದು ಮುಗಿಸಿದೆ.

ಈಗ ಬುಟ್ಟಿ ಖಾಲಿ, ನನ್ನ ಕೈಯೂ ಖಾಲಿ. ಒಲೆಯಿಲ್ಲದ, ಮಸಾಲೆಯಿಲ್ಲದ, ಬೆಲ್ಲದ ಚೂರೂ ಇಲ್ಲದ ಆ ಲೋಕದಲ್ಲಿ ಏನು ತುಂಬಿಸಿ ಕೊಡಲಿ? ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವ್ವ ನನ್ನ ಜೊತೆಗೇ ಇರುವವಳು, ನೇಸರಗಿಯ ತವರಿನ ಠೀವಿಯನ್ನು ಇಂದಿಗೂ ಬಿಟ್ಟುಕೊಡದವಳು.

"ಬರೇ ಬುಟ್ಟಿ ಕೊಟ್ಟಗಿಟ್ಟೀ ಮತ್ತ, ಯವ್ವಾ! ಪರದೇಶದಾಗ ನಮ್ಮ ಮನಿ ಮರ್ಯಾದಿ ಕಳೀಬ್ಯಾಡ. ಹಡಗ ಕೇರಳಕ್ಕ ಬರತೈತಿ ಅಂದಿದ್ದಿ ಹೌದಿಲ್ಲೋ? ತಮ್ಮನ್ನ ಕರಕೊಂಡು ನಾನ ಬರತೇನಿ. ಶೇಂಗಾ ಹೋಳಿಗಿ ತರತೇನಿ. ತುಂಬಿ ಕೊಡುವಂತಿ."

ಇದಕ್ಕಿಂತ ಸಮಂಜಸವಾದ ಮಾತು ಇನ್ನಾವುದಿದ್ದೀತು? ಬುಟ್ಟಿಯನ್ನು ಒರೆಸಿ, ದುಂಡು ಕಿಟಕಿಯಿಂದ ಬರುವ ಎಳೆಬಿಸಿಲಿಗೆ ದಿನವೂ ಇಟ್ಟು, ಬೂಷ್ಟು ಹಿಡಿಯದಂತೆ ಕಾದು, ಮತ್ತೆ ನನ್ನ ಬಟ್ಟೆಗಳ ನಡುವೆ ಭದ್ರವಾಗಿ ಇಡತೊಡಗಿದೆ. ದೇಕಿ ಹಾಸಿಗೆಯಲ್ಲಿ ಮಲಗಿ ಇದನ್ನು ನೋಡುತ್ತಿದ್ದಳು.

ಮಲಗಿ ಎಂದೆನಲ್ಲ, ಅಷ್ಟರಲ್ಲಿ ಸಮುದ್ರ ತನ್ನ ಸಭ್ಯತೆಯನ್ನು ಬಿಟ್ಟಿತ್ತು. ದೇಕಿಗೆ ಸಮುದ್ರದ ಬೇನೆ ಬಲವಾಗಿ ಬಡಿದಿತ್ತು. ಊಟದ ಸಭಾಂಗಣವಿದ್ದದ್ದು ಹಡಗಿನ ಮೇಲಂತಸ್ತಿನ ಹಿಂಬದಿಯಲ್ಲಿ. ತೂಗಾಟ ಅಲ್ಲಿಯೇ ಹೆಚ್ಚು. ಅಲ್ಲಿ ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ಅವಳು ಎದ್ದು ಓಡಬೇಕಾಗುತ್ತಿತ್ತು. ಕೆಳಗೆ ನಮ್ಮ ಕೋಣೆಯಲ್ಲಿ ಅವಳು ತಕ್ಕಮಟ್ಟಿಗೆ ಆರಾಮಾಗಿರುತ್ತಿದ್ದಳು. ದಿನದಿಂದ ದಿನಕ್ಕೆ ಬಡಕಲಾದಳು. ನಾನು ಅಕ್ಕನಲ್ಲವೇ? ಲಿಂಬೆಹಣ್ಣು ಮೂಸಲು ಹೇಳಿದೆ, ದಿಗಂತ ನೋಡಲು ಹೇಳಿದೆ, ಅಲೆಗಳು ಹೇಗೆ ಉಂಟಾಗುತ್ತವೆಂದು ಭೌಗೋಳಿಕ ಕಾರಣಗಳನ್ನೂ ವಿವರಿಸಿದೆ. ಹೊಟ್ಟೆ ತುಂಬಿದವರಿಗೆ ಉಪದೇಶ ಬಹಳ ಸುಲಭವಾಗಿ ಬರುತ್ತದೆ.

ಒಮ್ಮೆ ಅವಳು ಕೇಳಿದಳು: "ಅಕಾ, ಆ ಬುಟ್ಟಿ ನಿನಗೆ ಇಷ್ಟವಾಯಿತೇ?" ನಾನು ಉತ್ಸಾಹದಿಂದ, "ಬಹಳ! ಇಂಡಿಯಾ ಬರಲಿ, ಆಮೇಲೆ ನೋಡು" ಎಂದೆ. ಅವಳು ನಕ್ಕಳು. ಕೆಲವು ದಿನ ಬಿಟ್ಟು ಮತ್ತೆ ಅದನ್ನೇ ಕೇಳಿದಾಗ, ಹುಡುಗಿಗೆ ಹೊಗಳಿಕೆ ಬೇಕಾಗಿರಬೇಕೆಂದು ಅದರ ಹೆಣಿಗೆಯನ್ನು ಇನ್ನಷ್ಟು ಹೊಗಳಿದೆ.

ಅಂತೂ ಕೇರಳದ ಬಂದರು ಬಂತು. ದೇಕಿಯನ್ನು ಕೈಹಿಡಿದು ಇಳಿಸಿಕೊಂಡು ಹೊರಗೆ ಬಂದರೆ, ಅವ್ವ ಬಂದರಿನ ಗೇಟಿನ ಆಚೆ, ಮರದ ನೆರಳಿನಲ್ಲಿ, ಗಂಟುಗಳ ನಡುವೆ ಜಾತ್ರೆಗೆ ಬಂದವಳಂತೆ ಬೀಡುಬಿಟ್ಟಿದ್ದಳು. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ, ಕಟ್ಟುಕಟ್ಟಾಗಿ ಹೋಳಿಗೆ. ಇವನ್ನೆಲ್ಲ ರೈಲಿನಲ್ಲಿ ಹೊತ್ತು ತಂದ ತಮ್ಮ, ಹೆಗಲು ಸೋತು ಪಕ್ಕದಲ್ಲಿ ನಿಂತಿದ್ದ. ನನ್ನನ್ನು ಅಪ್ಪಿಕೊಂಡ ಅವ್ವ, ಹಿಂದೆ ನಿಂತ ದೇಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈ ಹುಡುಗಿ ಹಸದಾಳಲ್ಲ!" ಎಂದಳು.

"ಹಸಿವಿ ಅಲ್ಲ ಅವ್ವಾ, ಸಮುದ್ರದ ಬ್ಯಾನಿ."

"ಯಾವ ಬ್ಯಾನಿನೋ ಏನೋ. ಹಸದ ಮಾರಿ ನನಗ ಗೊತ್ತಾಗತೈತಿ. ಕುಂಡ್ರಸ ಆಕಿನ್ನ."

ಅವ್ವನ ವೈದ್ಯಶಾಸ್ತ್ರದಲ್ಲಿ ಜಗತ್ತಿನ ಸಮಸ್ತ ರೋಗಗಳೂ ಹಸಿವೆಯ ರೂಪಾಂತರಗಳೇ. ನಾನು ನಕ್ಕೆ. ದೇಕಿ ಮಾತ್ರ ನಗಲಿಲ್ಲ; ಅಲುಗದ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ರೊಟ್ಟಿ ಮುರಿದು, ಎಣ್ಣೆಗಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ, ಅವ್ವ ಹಾಕಿದ್ದನ್ನೆಲ್ಲ ಉಂಡಳು. ಅವ್ವನಿಗೆ ಅವಳ ಭಾಷೆ ಬಾರದು, ಅವಳಿಗೆ ಅವ್ವನದು ಬಾರದು. ಆದರೂ "ಇನ್ನೊಂದ ಹಾಕಲೇನ?" ಎಂಬುದಕ್ಕೆ ಪ್ರತಿಸಲವೂ ಸರಿಯಾದ ಉತ್ತರ ಬರುತ್ತಿತ್ತು. ಇಷ್ಟು ದಿನದಲ್ಲಿ ಅವಳು ಹೊಟ್ಟೆತುಂಬ ಉಂಡದ್ದನ್ನು ನಾನು ಅಲ್ಲಿಯೇ ಮೊದಲು ಕಂಡೆ. ನೆಲದ ಮಹಿಮೆ ಎಂದುಕೊಂಡೆ.

ಸಂಜೆ ಹೋಳಿಗೆಯ ಗಂಟು ಹೊತ್ತು ಮರಳಿದರೆ, ಮನೆಯಲ್ಲಿ ಮಾಡಿದ ತಿನಿಸು ಹಡಗಿನೊಳಗೆ ಬಿಡುವಂತಿಲ್ಲವೆಂದು ಗೇಟಿನಲ್ಲಿ ತಡೆದರು. ನಾನು ಬೇಡಿಕೊಂಡೆ, ತಮ್ಮ ವಾದಿಸಿದ. ಅವ್ವ ಎರಡನ್ನೂ ಮಾಡದೆ ಗಂಟು ಬಿಚ್ಚಿ, ತಡೆದವರ ಕೈಗೇ ಮೊದಲ ಹೋಳಿಗೆ ಇಟ್ಟಳು. "ತಿನ್ರಿ, ಒಳಗ ಬಿಡಬ್ಯಾಡ್ರಿ, ನೀವರ ತಿನ್ರಿ" ಎನ್ನುತ್ತ ಕಾವಲಿನವರಿಗೆ, ಆಟೋದವರಿಗೆ, ದಾರಿಹೋಕರಿಗೆ ಹಂಚಿ ಗಂಟನ್ನು ಬರಿದು ಮಾಡಿದಳು. ಎಲ್ಲರ ಬಾಯಿಯೂ ಸಿಹಿಯಾಯಿತು. ನನ್ನ ಬಟ್ಟೆಗಳ ನಡುವಿನ ಬುಟ್ಟಿ ಮಾತ್ರ ಖಾಲಿಯೇ ಉಳಿಯಿತು. ಇನ್ನು ಬೇರೆ ಬಂದರಿನಲ್ಲಿ ಏನಾದರೂ ಒಳ್ಳೆಯದನ್ನು ಹುಡುಕಬೇಕೆಂದು ನಾನು ಗಡುವನ್ನು ಮುಂದೂಡಿದೆ.

ಅರಬ್ಬೀ ಸಮುದ್ರ ನಮ್ಮನ್ನು ಮೊರದೊಳಗಿನ ಅಕ್ಕಿಯಂತೆ ಕೇರಿತು. ದೇಕಿ ಏಳಲಾರದಾದಳು. ಹಡಗಿನ ವೈದ್ಯೆ ಬಂದು ನೋಡಿ, ಬೇನೆಗಿಂತ ನಿಶ್ಶಕ್ತಿಯೇ ಹೆಚ್ಚಾಗಿದೆ, ಏನಾದರೂ ತಿನ್ನುತ್ತಿದ್ದರೆ ತಡೆದುಕೊಳ್ಳುತ್ತಿದ್ದಳು ಎಂದರು. ಮುಂದಿನ ಬಂದರಿನಲ್ಲಿ ಅವಳು ಯಾನ ಬಿಟ್ಟು ವಿಮಾನದಲ್ಲಿ ಊರಿಗೆ ಮರಳುವುದೆಂದು ತೀರ್ಮಾನವಾಯಿತು. ಮೂರು ಖಂಡಗಳನ್ನು ನೋಡಬೇಕೆಂದು ಗೋಡೆಗೆ ನಕಾಶೆ ಅಂಟಿಸಿಕೊಂಡಿದ್ದ ಹುಡುಗಿ, ಆ ನಕಾಶೆಯನ್ನು ಮೂಲೆ ಹರಿಯದಂತೆ ಮೆಲ್ಲಗೆ ಬಿಡಿಸಿ ಮಡಿಚಿದಳು.

ಇನ್ನು ತಡಮಾಡುವಂತಿರಲಿಲ್ಲ. ಬುಟ್ಟಿಗೆ ಏನನ್ನಾದರೂ ತುಂಬಿಸಲೇಬೇಕೆಂದು ಅದನ್ನು ಹಿಡಿದು ಊಟದ ಸಭಾಂಗಣಕ್ಕೆ ಹೋದೆ. ಪಾತ್ರೆ ತುಂಬಿಸಬೇಕಾದರೆ ಪಕ್ಕದ ಬಾಗಿಲಿಗೆ ಹೋಗಿ ಎಂದರು. ಒಮ್ಮೆಯೂ ಕಾಯಿಲೆ ಬೀಳದ ನಾನು ಆ ಬಾಗಿಲನ್ನೇ ನೋಡಿರಲಿಲ್ಲ. ಅಲ್ಲೊಂದು ಸಾಲು ನಿಂತಿತ್ತು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಬ್ಬಿ. ತಟ್ಟೆಗಳನ್ನು ಕೆಳಗೆ ಒಯ್ಯುವಂತಿಲ್ಲ. ಆದರೆ ಮೇಲೆ ಕೂತು ಉಣ್ಣಲಾರದವರು ತಮ್ಮದೇ ಪಾತ್ರೆ ತಂದರೆ ಬಿಸಿ ಅನ್ನ, ಗಂಜಿ ಹಾಕಿ ಕೊಡುತ್ತಿದ್ದರು. ಸಮುದ್ರ ಕೆಟ್ಟ ದಿನದಿಂದಲೂ ಈ ವ್ಯವಸ್ಥೆಯಿತ್ತಂತೆ.

ನನ್ನ ಹಿಂದೆ ನಿಂತಿದ್ದ ಸಹಪಾಠಿ, ಚಿಲಿ ದೇಶದ ಒಬ್ಬ ಹುಡುಗಿ, ಬುಟ್ಟಿ ನೋಡಿ ಸಂತೋಷದಿಂದ ಅಂದಳು: "ಇದು ದೇಕಿಯದಲ್ಲವೇ? ನನ್ನ ಇನ್ನೊಂದು ಡಬ್ಬಿ ತಗೋ ಎಂದು ನಾನು ಎಷ್ಟು ಸಲ ಹೇಳಿದೆ. ಬೇಡ, ನನ್ನದು ಅಕಾನ ಹತ್ತಿರ ಇದೆ, ಕೊಡುತ್ತಾಳೆ ಅನ್ನುತ್ತಿದ್ದಳು. ಕಾಗದದಲ್ಲಿ ಒಂದೆರಡು ಬ್ರೆಡ್ಡು ಸುತ್ತಿಕೊಂಡು ಹೋಗುತ್ತಿದ್ದಳು ಪಾಪ."

ಆ ಸಾಲಿನಲ್ಲಿ ನಾನು ಹೇಗೆ ನಿಂತೆನೋ ನನಗೇ ತಿಳಿಯದು. ಬುಟ್ಟಿ ತುಂಬ ಅನ್ನ ಹಾಕಿಸಿಕೊಂಡು ಕೆಳಗಿಳಿದು ಅವಳ ಮುಂದೆ ಇಟ್ಟೆ. ನಮ್ಮ ಓಣಿಯ ಧರ್ಮಶಾಸ್ತ್ರವನ್ನೆಲ್ಲ ತೊದಲುತ್ತ ವಿವರಿಸಿದೆ. ಬರಿದು ಪಾತ್ರೆ ಕೊಡಬಾರದೆಂಬುದು, ಹೋಳಿಗೆಗಾಗಿ ಕಾದದ್ದು, ಎಲ್ಲವನ್ನೂ. ಅವಳು ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬುಟ್ಟಿಯ ಮುಚ್ಚಳದ ಮೇಲೆ ಕೈಯಾಡಿಸುತ್ತ, "ದಿನವೂ ಬಿಸಿಲಿಗಿಟ್ಟು ಅಷ್ಟು ಜೋಪಾನ ಮಾಡುತ್ತಿದ್ದೆಯಲ್ಲ, ನಿನಗೆ ಬೇಕಾಗಿದೆಯೆಂದುಕೊಂಡೆ. ಕೊಟ್ಟದ್ದನ್ನು ಹೇಗೆ ಕೇಳಲಿ?" ಎಂದಳು. ಆಮೇಲೆ, "ಖಾಲಿಯೇ ಕೊಟ್ಟಿದ್ದರೆ ನಾನೇ ತುಂಬಿಸಿಕೊಳ್ಳುತ್ತಿದ್ದೆ, ಅಕಾ" ಎಂದಳು. ಅದರಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಮರುದಿನ ಬಂದರಿನಲ್ಲಿ ಇಳಿದುಹೋದಳು. ಉಳಿದ ಬಂದರುಗಳನ್ನೆಲ್ಲ ನಾನು ಕಂಡೆ, ಅವಳು ಕಾಣಲಿಲ್ಲ. ಕಂಡದ್ದರಲ್ಲಿ ಬಹಳಷ್ಟು ನನಗೀಗ ನೆನಪಿಲ್ಲ.

ಊರಿಗೆ ಬಂದ ದಿನ ಅವ್ವ ಕೇಳಿದ ಮೊದಲ ಪ್ರಶ್ನೆಯೇ ಬುಟ್ಟಿಯದು. "ತುಂಬಿ ಕೊಟ್ಟೆ" ಎಂದೆ. ಅದು ಸುಳ್ಳಲ್ಲ. ಮಿಕ್ಕದ್ದನ್ನು ಹೇಳಲಿಲ್ಲ, ಅವ್ವನ ರಿವಾಜೇ ಆ ಹುಡುಗಿಯನ್ನು ಹಸಿವೆಯಲ್ಲಿ ಇಟ್ಟಿತೆಂದು ಹಿರಿಯ ಜೀವಕ್ಕೆ ಹೇಗೆ ಹೇಳುವುದು? ಅವಳ ಮನಸ್ಸು ನೋಯಬಾರದೆಂದು ಬಾಯಿ ಮುಚ್ಚಿಕೊಂಡು, ಆ ರಿವಾಜಿನ ಮೇಲಷ್ಟೇ ಸೇಡು ತೀರಿಸಿಕೊಳ್ಳುತ್ತ, ಓಣಿಯ ಡಬ್ಬಿಗಳನ್ನೆಲ್ಲ ಬಂದ ದಿನವೇ ಖಾಲಿ ಕಳಿಸತೊಡಗಿದೆ. ಮೊನ್ನೆ ಎದುರುಮನೆಯ ಕಿತ್ತೂರಿನ ಸೊಸೆ ಕಣ್ಣೀರು ತಂದುಕೊಂಡು, "ಅತ್ತಿಯವರ, ಟೀಚರ್ ನಮ್ಮ ಮ್ಯಾಲೆ ಸಿಟ್ಟಾಗ್ಯಾರೇನ್ರಿ?" ಎಂದು ಅವ್ವನನ್ನು ಕೇಳಿದಳು. ಅವಳು ಹೋದ ಮೇಲೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು, "ಏನಾಗೈತಿ ನಿನಗ? ಖರೆ ಹೇಳು" ಎಂದಳು. ಎಲ್ಲವನ್ನೂ ಹೇಳಿದೆ. ಡಬ್ಬಿಯ ಸಾಲು, ಬ್ರೆಡ್ಡಿನ ಚೂರು, ದೇಕಿಯ ಕೊನೆಯ ಮಾತು. ರಿವಾಜು ಹೇಗೆ ಮನುಷ್ಯರನ್ನು ಕುರುಡಾಗಿಸುತ್ತದೆಂದು, ತರಗತಿಯಲ್ಲಿ ಹೇಳುವ ಧಾಟಿಯಲ್ಲಿ, ಒಂದೆರಡು ಮಾತನ್ನೂ ಸೇರಿಸಿದೆ.

ಅವ್ವ ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟಳು. ನೊಂದುಕೊಂಡಳೆಂದು ನಾನು ಸಮಾಧಾನದ ಮಾತು ಹುಡುಕುತ್ತಿರುವಾಗ, ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಅಂದಳು:

"ಖಾಲಿ ಬುಟ್ಟಿ ಕೊಡಬ್ಯಾಡಂತ ಹೇಳಿದಾಕಿ ನಾನ, ಖರೆ. ಆದ್ರ ಆ ಹುಡುಗಿ ಹಸದಾಳಂತ ಹೇಳಿದಾಕೀನೂ ನಾನ ಅಲ್ಲೇನ, ಯವ್ವಾ? ಆ ಮಾತು ಯಾಕ ಕೇಳಲಿಲ್ಲ ನೀ?"